ಅರಸರು ಹೋದರು, ಕಾಲುವೆ ಉಳಿಯಿತು: ಹಂಪಿಯ ತುರ್ತಾ ಕಾಲುವೆ ಜೊತೆ ಒಂದು ನಡಿಗೆ

ಪಾಡ್‌ಕಾಸ್ಟ್ ಪಠ್ಯರೂಪ | ಅವಧಿ: 23 ನಿಮಿಷ

ಹಂಪಿಗೆ ಹೋದವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅದೇ ಹಂಪಿಯ ಬಾಳೆತೋಟಗಳ ನಡುವೆ ವಿಜಯನಗರ ಕಾಲದ ಕಾಲುವೆಯೊಂದು ಇವತ್ತಿಗೂ ಹರಿಯುತ್ತಿದೆ. ಅದರ ದಂಡೆ ಮೇಲೆ ನಡೆಯುವುದು ಹೇಗೆ, ನಡೆಯುವಾಗ ಏನು ನೋಡಬೇಕು, ಆ ನೀರನ್ನೇ ನಂಬಿರುವ ರೈತರಿಗೆ ಈಗಿರುವ ಚಿಂತೆ ಏನು? ಈ ವಾರದ ಸಂಚಿಕೆ ಇಲ್ಲಿ ಓದಿ.

00:00 | ಮೊದಲು ಈ ಸದ್ದು ಕೇಳಿ

(ನೀರು ಹರಿಯುವ ಸದ್ದು)

ಇಯರ್‌ಫೋನ್ ಹಾಕಿಕೊಂಡಿದ್ದರೆ ಇನ್ನೊಂದು ಸಲ ಕೇಳಿ. ಇದು ಯಾವುದೋ ಜಲಪಾತದ್ದಲ್ಲ. ಹಂಪಿಯ ಬಡವಿಲಿಂಗದ ಗುಡಿ ಹತ್ತಿರ, ಬೆಳಿಗ್ಗೆ ಏಳು ಗಂಟೆಗೆ, ನನ್ನ ಫೋನಲ್ಲೇ ರೆಕಾರ್ಡ್ ಮಾಡಿದ್ದು.

ಬಡವಿಲಿಂಗ ನೋಡಿದ್ದೀರಲ್ಲ? ಸುಮಾರು ಮೂರು ಮೀಟರ್ ಎತ್ತರದ ಏಕಶಿಲೆಯ ಲಿಂಗ. ಅದರ ಬುಡ ಯಾವಾಗಲೂ ನೀರಲ್ಲಿರುತ್ತೆ. ನಾನು ಚಿಕ್ಕವಳಿದ್ದಾಗ ಆ ನೀರು ಎಲ್ಲಿಂದ ಬರುತ್ತೆ ಅಂತ ಅಮ್ಮನನ್ನ ಕೇಳಿದ್ದೆ. ‘ಗಂಗೆ ಕಣೇ’ ಅಂದಿದ್ದಳು. ದೊಡ್ಡವಳಾದ ಮೇಲೆ ಗೊತ್ತಾಯ್ತು, ಅದು ಪಕ್ಕದಲ್ಲೇ ಹರಿಯೋ ಕಾಲುವೆ ನೀರು. ಆ ಕಾಲುವೆ ಹೆಸರು ತುರ್ತಾ ಕಾಲುವೆ. ‘ತುರ್ತು’ ಅಂದ್ರೆ ಎಮರ್ಜೆನ್ಸಿ ಅಂತ ಅರ್ಥ ಮಾಡ್ಕೋಬೇಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಶಾಸನಗಳಲ್ಲಿ ‘ಹಿರಿಯ ಕಾಲುವೆ’ ಅಂತ ಒಂದು ಹೆಸರು ಬರುತ್ತೆ. ಹಂಪಿಯ ನೀರಿನ ವ್ಯವಸ್ಥೆ ಬಗ್ಗೆ ಕೆಲಸ ಮಾಡಿದ ವಿದ್ವಾಂಸರು ಅದನ್ನ ಇದೇ ಕಾಲುವೆಯ ಜೊತೆ ಗುರುತಿಸ್ತಾರೆ.

ನಾನು ಓದಿದ್ದು ಬಿ.ಕಾಂ. ಇತಿಹಾಸದ ವಿದ್ಯಾರ್ಥಿ ಅಲ್ಲ, ಎಂಜಿನಿಯರ್ ಅಂತೂ ಅಲ್ಲವೇ ಅಲ್ಲ. ಆದರೆ ನಮಗೆ ಕಾಲೇಜಲ್ಲಿ ಡಿಪ್ರಿಸಿಯೇಷನ್ ಅಂತ ಒಂದು ಪಾಠ ಇತ್ತು. ಯಾವುದೇ ಆಸ್ತಿ, ಅದು ಮಷೀನ್ ಆಗಲಿ ಕಟ್ಟಡ ಆಗಲಿ, ವರ್ಷದಿಂದ ವರ್ಷಕ್ಕೆ ಸವೀತಾ ಹೋಗುತ್ತೆ. ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಇಳಿಸ್ತಾ ಇಳಿಸ್ತಾ ಕೊನೆಗೆ ಸೊನ್ನೆ ಮಾಡ್ತೀವಿ. ಹಾಗಾದ್ರೆ ಐನೂರು, ಆರುನೂರು ವರ್ಷದಿಂದ ದಿನಾ ಕೆಲಸ ಮಾಡ್ತಿರೋ ಒಂದು ಕಾಲುವೆ ಯಾಕೆ ಇನ್ನೂ ಸೊನ್ನೆ ಆಗಿಲ್ಲ? ಇವತ್ತಿನ ಸಂಚಿಕೆ ಈ ಪ್ರಶ್ನೆ ಬಗ್ಗೆ. ಜೊತೆಗೆ ಆ ಕಾಲುವೆ ದಂಡೆ ಮೇಲೆ ಒಂದು ದಿನ ನಡೆದು ಬರೋದು ಹೇಗೆ ಅನ್ನೋದನ್ನೂ ಹೇಳ್ತೀನಿ.

02:40 | ನೀರನ್ನ ಕೂಡಿಡಲಿಲ್ಲ, ತಿರುಗಿಸಿದ್ರು

ಮೊದಲು ಇದು ಕೆಲಸ ಮಾಡೋದು ಹೇಗೆ ಅಂತ ನೋಡೋಣ.

ಡ್ಯಾಮ್ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ದೊಡ್ಡ ಗೋಡೆ, ಗೇಟು, ಹಿಂದೆ ಸಮುದ್ರದ ಥರ ನೀರು. ವಿಜಯನಗರದವರು ತುಂಗಭದ್ರೆಗೆ ಅಂಥದ್ದೇನೂ ಕಟ್ಟಲಿಲ್ಲ. ಅವರು ಕಟ್ಟಿದ್ದು ಅಣೆಗಳನ್ನ, ಅಂದ್ರೆ ತಗ್ಗಾದ ಒಡ್ಡುಗಳನ್ನ. ಹಂಪಿ ಹತ್ತಿರ ನದಿ ಒಂದೇ ಧಾರೆಯಾಗಿ ಹರಿಯಲ್ಲ. ಬಂಡೆಗಳು, ನಡುಗಡ್ಡೆಗಳ ಮಧ್ಯೆ ಸೀಳಿಕೊಂಡು ಹೋಗುತ್ತೆ. ಆ ಬಂಡೆಯಿಂದ ಈ ಬಂಡೆಗೆ ದೊಡ್ಡ ದೊಡ್ಡ ಕಲ್ಲುಗಳನ್ನ ಪೇರಿಸಿ, ಸಂದಿ ಮುಚ್ಚಿ, ನೀರಿನ ಮಟ್ಟವನ್ನ ಸ್ವಲ್ಪವೇ ಸ್ವಲ್ಪ ಎತ್ತರಿಸಿದ್ರು. ಪ್ರಕೃತಿಯೇ ಅರ್ಧ ಗೋಡೆ ಕಟ್ಟಿಕೊಟ್ಟಿತ್ತು, ಉಳಿದರ್ಧ ಇವರು ಮುಗಿಸಿದ್ರು ಅನ್ನಬಹುದು. ಪ್ರವಾಹ ಬಂದಾಗ ನೀರು ಒಡ್ಡಿನ ಮೇಲೇ ಹರಿದು ಹೋಗುತ್ತೆ. ತಡೆಯೋ ಗೋಜಿಗೇ ಹೋಗಲ್ಲ.

ಹೀಗೆ ಎತ್ತರವಾದ ನೀರನ್ನ ಪಕ್ಕದಿಂದ ಒಂದು ಕಾಲುವೆಗೆ ಬಿಡೋದು. ಇಲ್ಲೇ ಇರೋದು ಬುದ್ಧಿವಂತಿಕೆ. ನದಿ ವೇಗವಾಗಿ ಕೆಳಗಿಳಿಯುತ್ತೆ. ಕಾಲುವೆ ಮಾತ್ರ ತೀರಾ ಸಣ್ಣ ಇಳಿಜಾರಲ್ಲಿ, ಗುಡ್ಡದ ಪಕ್ಕೆ ಹಿಡಿದು ನಿಧಾನವಾಗಿ ಸಾಗುತ್ತೆ. ಸ್ವಲ್ಪ ದೂರ ಹೋಗೋಷ್ಟರಲ್ಲಿ ನದಿ ಕೆಳಗೆ, ಕಾಲುವೆ ಮೇಲೆ. ಇವೆರಡರ ಮಧ್ಯೆ ಇರೋ ಜಮೀನಿಗೆಲ್ಲ ನೀರು ತಾನಾಗಿಯೇ ಇಳಿಯುತ್ತೆ. ಪಂಪ್ ಬೇಡ, ಡೀಸೆಲ್ ಬೇಡ, ಕರೆಂಟ್ ಬಿಲ್ ಇಲ್ಲ.

ನೀವು ದಂಡೆ ಮೇಲೆ ನಡೀತಾ ಹೋದ್ರೆ ಕಾಲುವೆ ಯಾಕೆ ಇಷ್ಟು ಸೊಟ್ಟಗಿದೆ, ನೇರವಾಗಿ ಅಗೆಯೋಕೆ ಬರ್ತಿರಲಿಲ್ವಾ ಅಂತ ಅನಿಸುತ್ತೆ. ನೇರವಾಗಿ ಅಗೆದಿದ್ರೆ ಎಲ್ಲೋ ಒಂದು ಕಡೆ ನೀರು ಧುಮುಕಿ ಎತ್ತರ ಕಳೆದುಕೊಳ್ತಿತ್ತು. ಒಂದು ಸಲ ಎತ್ತರ ಕಳ್ಕೊಂಡ್ರೆ ಮುಂದಿನ ಗದ್ದೆಗೆ ಏರಿಸೋದು ಕಷ್ಟ. ಅದಕ್ಕೇ ಪ್ರತಿ ಬಂಡೆಗೂ ಸುತ್ತು ಹಾಕಿ ಹೋಗಿದ್ದಾರೆ.

ಇಂಥ ಕಾಲುವೆ ಒಂದೆರಡಲ್ಲ. ರಾಯ, ಬಸವಣ್ಣ, ಬೆಲ್ಲ, ತುರ್ತಾ, ಕಾಳಘಟ್ಟ, ರಾಮಸಾಗರ, ಕಂಪ್ಲಿ, ಬೆಳಗೋಡು, ನದಿಯ ಆ ಕಡೆ ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿ, ಇನ್ನೂ ಕೆಳಗೆ ಸಿರುಗುಪ್ಪ. ಎಲ್ಲ ಸೇರಿಸಿ ‘ವಿಜಯನಗರ ಕಾಲುವೆಗಳು’ ಅಂತಾರೆ. ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಇವುಗಳ ಅಚ್ಚುಕಟ್ಟು ಸುಮಾರು 11 ಸಾವಿರ ಹೆಕ್ಟೇರ್ ಆಸುಪಾಸು.

06:10 | ಆನೆ ಎಳೆದ ಕಲ್ಲು, ಒಡೆದ ಒಡ್ಡು

ಫೆರ್ನಾವೊ ನೂನಿಜ್ ಅಂತ ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ 1535ರ ಹೊತ್ತಿಗೆ ವಿಜಯನಗರದಲ್ಲಿದ್ದ. ಅವನು ಬರೆದಿಟ್ಟ ವಿವರಗಳಲ್ಲಿ ಒಂದು ಕತೆ ಬರುತ್ತೆ. ಹಿಂದಿನ ಒಬ್ಬ ಅರಸ ನದಿ ನೀರನ್ನ ನಗರಕ್ಕೆ ತರಬೇಕು ಅಂತ ಹೊರಟನಂತೆ. ಆನೆಗಳಿಂದ ಒಂದು ಭಾರೀ ಬಂಡೆ ಎಳೆಸಿ ನದಿಗೆ ಹಾಕಿಸಿದನಂತೆ. ಆಮೇಲೆ ನದಿ ಅವನು ಹೇಳಿದ ಕಡೆ ಹರಿಯಿತಂತೆ. ನೂನಿಜ್ ಕೂಡ ಜನ ಹೇಳಿದ್ದನ್ನ ಕೇಳಿಯೇ ಬರೆದಿದ್ದು. ಆದ್ರೆ ಒಂದಂತೂ ಗೊತ್ತಾಗುತ್ತೆ. 1530ರ ದಶಕಕ್ಕಾಗಲೇ ಈ ಒಡ್ಡುಗಳು ಜನರ ಬಾಯಲ್ಲಿ ದಂತಕತೆ ಆಗಿದ್ವು, ಅಷ್ಟು ಹಳೇವು.

ಕಾಲುವೆ ಕಟ್ಟಿಸಿದ ಕತೆ ಎಲ್ಲರಿಗೂ ಇಷ್ಟ. ಅದನ್ನ ರಿಪೇರಿ ಮಾಡಿದವರ ಕತೆ ಯಾರೂ ಹೇಳಲ್ಲ. ಹರಿಹರಕ್ಕೆ ಹೋದ್ರೆ ಅದೂ ಸಿಗುತ್ತೆ. ಅಲ್ಲಿ ಹರಿದ್ರಾ ಅನ್ನೋ ಸಣ್ಣ ನದಿ ಬಂದು ತುಂಗಭದ್ರೆಗೆ ಸೇರುತ್ತೆ. ಆ ನದಿಗೆ ಒಡ್ಡು ಕಟ್ಟಿ ಕಾಲುವೆ ತೆಗೆದದ್ದನ್ನ 1410ರ ಶಾಸನ ಹೇಳುತ್ತೆ. 1424ರ ಇನ್ನೊಂದು ಶಾಸನ ಇದೆ, ಆ ಒಡ್ಡು ಒಡೆದುಹೋಯ್ತು, ಮತ್ತೆ ಕಟ್ಟಿಸಿದ್ವಿ ಅಂತ. ಬರೀ 14 ವರ್ಷ! ಅಂದ್ರೆ ‘ಆಗಿನ ಕಾಲದ ಕೆಲಸ ಗಟ್ಟಿ, ಈಗಿನದೆಲ್ಲ ಕಳಪೆ’ ಅನ್ನೋ ಮಾತಿದೆಯಲ್ಲ, ಅದು ಪೂರ್ತಿ ನಿಜ ಅಲ್ಲ. ಆಗಲೂ ಒಡೀತಿತ್ತು. ಒಡೆದಾಗ ಯಾರೋ ದುಡ್ಡು ಹಾಕಿ, ಯಾರೋ ಕಲ್ಲು ಹೊತ್ತು ಸರಿ ಮಾಡ್ತಿದ್ರು.

ಕೆರೆ, ಕಾಲುವೆ ಕಟ್ಟಿದವರಿಗೆ, ಕಾಪಾಡಿದವರಿಗೆ ಜಮೀನು ಬಿಟ್ಟುಕೊಡೋ ಪದ್ಧತಿಯೂ ಇತ್ತು. ‘ಕಟ್ಟುಕೊಡಗೆ’, ‘ದಶವಂದ’ ಅನ್ನೋ ಪದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರ್ತವೆ. ನನ್ನ ಕಾಮರ್ಸ್ ಭಾಷೇಲಿ ಹೇಳೋದಾದ್ರೆ ಮೇಂಟೆನೆನ್ಸ್ ಖರ್ಚನ್ನ ಆ ಆಸ್ತಿಯ ಆದಾಯಕ್ಕೇ ಕಟ್ಟಿಹಾಕಿದ್ರು. ನೀರು ಹರಿದ್ರೆ ಬೆಳೆ, ಬೆಳೆ ಬಂದ್ರೆ ಕಾಯುವವನಿಗೂ ಪಾಲು. ಹೂಳು ತೆಗೆಯದೆ ಬಿಟ್ರೆ ಮೊದಲು ನಷ್ಟ ಆಗೋದು ಅವನಿಗೇ.

1565ರಲ್ಲಿ ರಕ್ಕಸತಂಗಡಿ ಯುದ್ಧ ಆಯ್ತು. ರಾಜಧಾನಿ ಹಾಳಾಯ್ತು. ಅರಮನೆಗಳು ಸುಟ್ಟವು, ಬಜಾರುಗಳು ಖಾಲಿ ಆದ್ವು. ಕಾಲುವೆಗಳು ಮಾತ್ರ ಉಳಿದ್ವು. ಅರಮನೆ ಬೇಕಾಗಿದ್ದು ಅರಸನಿಗೆ, ಅವನು ಪೆನುಗೊಂಡೆಗೆ ಹೋದ. ಕಾಲುವೆ ಬೇಕಾಗಿದ್ದು ಸುತ್ತಲಿನ ರೈತರಿಗೆ, ಅವರು ಎಲ್ಲೂ ಹೋಗಲಿಲ್ಲ. ಪ್ರತಿ ವರ್ಷ ಹೂಳು ತೆಗೆದ್ರು, ಜಾರಿದ ಕಲ್ಲನ್ನ ಮತ್ತೆ ಕೂರಿಸಿದ್ರು. ಡಿಪ್ರಿಸಿಯೇಷನ್ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು.

ಆಮೇಲೆ ತುಂಗಭದ್ರಾ ಅಣೆಕಟ್ಟು ಬಂತು. 1945ರಲ್ಲಿ ಕೆಲಸ ಶುರುವಾಗಿ 1953ರ ಹೊತ್ತಿಗೆ ನೀರು ನಿಂತಿತು. ಮೇಲ್ಭಾಗದ ಕೆಲವು ಹಳೇ ಒಡ್ಡುಗಳು ಹಿನ್ನೀರಿನಲ್ಲಿ ಮುಳುಗಿದ್ವು. ರಾಯ, ಬಸವಣ್ಣ ಕಾಲುವೆಗಳಿಗೆ ಈಗ ಡ್ಯಾಮಿಂದಲೇ ನೀರು. ತುರ್ತಾ ಅಣೆ ಇರೋದು ಡ್ಯಾಮಿನ ಕೆಳಗೆ, ಹಾಗಾಗಿ ಅದು ಉಳೀತು. ಆದ್ರೆ ನದಿಗೆ ಮೇಲಿಂದ ನೀರು ಬಿಟ್ರೆ ಮಾತ್ರ ಅದಕ್ಕೆ ನೀರು.

10:20 | ನಡೆಯೋಣ ಬನ್ನಿ

ಸರಿ, ಈಗ ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ.

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್, ಬಸ್ ಇದೆ. ನವೆಂಬರಿಂದ ಫೆಬ್ರವರಿ ಒಳ್ಳೆ ಕಾಲ. ಏಪ್ರಿಲ್‌ನಲ್ಲಿ ಹೋಗಿ ನನ್ನನ್ನ ಬೈಬೇಡಿ, ಆಗ ಬಂಡೆಗಳು ಕಾದ ಹೆಂಚಾಗಿರ್ತವೆ. ಬೆಳಕು ಹರಿದ ಮೇಲೆ ಶುರು ಮಾಡಿ, ಹತ್ತು ಗಂಟೆಗೆ ಮುಗಿಸಿ. ಎರಡು ಲೀಟರ್ ನೀರು ಇಟ್ಟುಕೊಳ್ಳಿ.

ಮೊದಲ ನಡಿಗೆ ಕಾಲುವೆಯದ್ದು. ಹೇಮಕೂಟದಿಂದ ಇಳಿದು ಸಾಸಿವೆಕಾಳು ಗಣಪ, ಆಮೇಲೆ ಕೃಷ್ಣ ದೇವಾಲಯ. ಉದಯಗಿರಿ ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಗಾಗಿ ಕೃಷ್ಣದೇವರಾಯ ಕಟ್ಟಿಸಿದ ಗುಡಿ ಇದು. ಗುಡಿ ಎದುರಿನ ಕೃಷ್ಣ ಬಜಾರು, ಅದರ ಪುಷ್ಕರಣಿ ನೋಡಿಕೊಳ್ಳಿ. ರಸ್ತೆಯಲ್ಲೇ ದಕ್ಷಿಣಕ್ಕೆ ನಡೆದ್ರೆ ಕಾಲುವೆ ದಾಟಿದ ಮೇಲೆ ಬಲಕ್ಕೆ ಮಣ್ಣಿನ ದಾರಿ. ಅಲ್ಲೇ 6.7 ಮೀಟರ್ ಎತ್ತರದ ಲಕ್ಷ್ಮೀನರಸಿಂಹ, 1528ರದ್ದು. ಪಕ್ಕದಲ್ಲಿ ಬಡವಿಲಿಂಗ.

ಇಲ್ಲಿ ಐದು ನಿಮಿಷ ನಿಂತು ಒಂದು ಕೆಲಸ ಮಾಡಿ. ಎಡಕ್ಕೂ ಬಲಕ್ಕೂ ಒಮ್ಮೆ ನೋಡಿ. ಕಾಲುವೆಯ ಒಂದು ಪಕ್ಕ ಒಣ ಬಂಡೆ, ಮುಳ್ಳುಕಂಟಿ. ಇನ್ನೊಂದು ಪಕ್ಕ ಬಾಳೆ, ತೆಂಗು, ಭತ್ತ, ಕಬ್ಬು. ಎರಡಕ್ಕೂ ಮಳೆ ಒಂದೇ, ಬಿಸಿಲು ಒಂದೇ. ನಡುವೆ ಇರೋದು ಕೆಲವೇ ಅಡಿ ಅಗಲದ ನೀರು.

ಸಂಜೆ ಮಾತಂಗ ಬೆಟ್ಟ ಹತ್ತಿದ್ರೆ ಇದೇ ಇನ್ನೂ ಚೆನ್ನಾಗಿ ಕಾಣುತ್ತೆ. ಉತ್ತರಕ್ಕೆ ನದಿ ಮತ್ತು ದೇವಾಲಯಗಳು, ದಕ್ಷಿಣಕ್ಕೆ ಅರಮನೆ ಆವರಣ, ಎರಡರ ಮಧ್ಯೆ ಉದ್ದಕ್ಕೆ ಒಂದು ಹಸಿರು ಪಟ್ಟಿ. ಆ ಪಟ್ಟಿ ಅಂದ್ರೆ ತುರ್ತಾ ಕಾಲುವೆ. ರಾಜಧಾನಿಯ ನಟ್ಟನಡುವೆ ಗದ್ದೆ! ಇವತ್ತಿನ ಲೆಕ್ಕದಲ್ಲಿ ಎಂ.ಜಿ. ರೋಡ್ ಪಕ್ಕ ಭತ್ತ ನಾಟಿ ಮಾಡಿದ ಹಾಗೆ.

ಅರಮನೆ ಆವರಣ ಇನ್ನೂ ಎತ್ತರದಲ್ಲಿದೆ. ಅಲ್ಲಿಗೆ ಈ ಕಾಲುವೆ ನೀರು ಏರಲ್ಲ. ಅದಕ್ಕೆ ಬೇರೆ ಏರ್ಪಾಡಿತ್ತು. ಕಮಲಾಪುರದ ಕೆರೆ ಕಡೆಯಿಂದ ನೀರು ತಂದು, ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನ ಸಾಲಾಗಿ ಕೂರಿಸಿ ಹರಿಸ್ತಿದ್ರು. ಮಹಾನವಮಿ ದಿಬ್ಬದ ಹತ್ತಿರ ಆ ಸಾಲು ಇನ್ನೂ ನಿಂತಿದೆ. ಪಕ್ಕದ ಮೆಟ್ಟಿಲು ಪುಷ್ಕರಣಿ ನಿಮಗೆ ಗೊತ್ತೇ ಇರುತ್ತೆ, ಎಲ್ಲರ ಪ್ರೊಫೈಲ್ ಫೋಟೊದಲ್ಲಿ ಇರೋದೇ. 1980ರ ದಶಕದ ಉತ್ಖನನದಲ್ಲಿ ಅದು ಮಣ್ಣಿನಡಿಯಿಂದ ಹೊರಬಂತು. ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಮೆಟ್ಟಿಲು ಅಂತ ಕಲ್ಲುಕುಟಿಗರು ಕನ್ನಡದಲ್ಲಿ ಗುರುತು ಹಾಕಿದ್ದಾರೆ. ಈಗ ಮನೆಗೆ ತರಿಸೋ ಮಂಚದ ಬಿಡಿಭಾಗಗಳ ಮೇಲೆ ನಂಬರ್ ಇರುತ್ತಲ್ಲ, ಥೇಟ್ ಹಾಗೆ.

ಎರಡನೇ ನಡಿಗೆ ನದಿಯದ್ದು. ವಿರೂಪಾಕ್ಷ ಬಜಾರಿನ ಪೂರ್ವದ ತುದಿಯಿಂದ ನದಿ ಪಕ್ಕದ ಕಾಲುದಾರಿ ಹಿಡಿದ್ರೆ ಚಕ್ರತೀರ್ಥ, ಕೋದಂಡರಾಮ ಗುಡಿ ದಾಟಿ ವಿಜಯವಿಠ್ಠಲದವರೆಗೆ ಸುಮಾರು ಎರಡು ಕಿಲೋಮೀಟರ್. ಕೊನೆಗೆ ಹತ್ತಿರ ನದಿಯಲ್ಲಿ ಹಳೇ ಸೇತುವೆಯ ಕಲ್ಲುಕಂಬಗಳು ಸಾಲಾಗಿ ನಿಂತಿರ್ತವೆ. ದಂಡೆಯಲ್ಲಿ ಪುರಂದರದಾಸರ ಮಂಟಪ. ಡ್ಯಾಮಿಂದ ಹೆಚ್ಚು ನೀರು ಬಿಟ್ಟಾಗ ಟಿವಿಯವರು ಮೊದಲು ತೋರಿಸೋದು ಇದೇ ಮಂಟಪ ಮುಳುಗಿದ್ದನ್ನ. ಅದೃಷ್ಟ ಇದ್ರೆ ಬೆಳಗಿನ ಹೊತ್ತು ನೀರುನಾಯಿ ಕಾಣಬಹುದು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಯನ್ನ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ನಾನು ನಾಲ್ಕು ಸಲ ಹೋಗಿದ್ದೀನಿ, ಒಂದೇ ಸಲ ಕಂಡಿದ್ದು, ಅದೂ ಬಾಲ ಮಾತ್ರ.

ಪುರುಸೊತ್ತಿದ್ರೆ ತಳವಾರಘಟ್ಟದಿಂದ ದೋಣಿಯಲ್ಲಿ ಆನೆಗುಂದಿಗೆ ದಾಟಿ. ಅಲ್ಲಿನ ಕಾಲುವೆ ದಂಡೆ, ಭತ್ತದ ಗದ್ದೆ ಇನ್ನೊಂದು ದಿನದ ನಡಿಗೆಗೆ ಸಾಕು.

15:00 | ಮಾವನ ಗದ್ದೆಗೆ ಬಂದ ಚಿಪ್ಸ್ ಪ್ಯಾಕೆಟ್

ಈ ಕಾಲುವೆಗಳಲ್ಲಿ ಒಂದರ ಬಾಲದಲ್ಲಿ, ಅಂದ್ರೆ ಟೇಲ್ ಎಂಡ್‌ನಲ್ಲಿ, ನನ್ನ ಸೋದರಮಾವನ ಎರಡೂವರೆ ಎಕರೆ ಇದೆ. ಕೊನೆ ಭಾಗದ ರೈತ ಅಂದ್ರೆ ಮದುವೆ ಊಟದ ಕೊನೇ ಪಂಕ್ತಿ ಇದ್ದ ಹಾಗೆ. ಪಾಯಸ ಉಳಿದ್ರೆ ಉಂಟು.

ಈ ಸಂಚಿಕೆಗೆ ಮಾತಾಡಿಸೋಣ ಅಂತ ಹೋದಾಗ ಮಾವ ತೂಬಿನ ಹತ್ತಿರ ಮೊಣಕಾಲುದ್ದ ನೀರಲ್ಲಿ ನಿಂತು ಏನೋ ತಡಕಾಡ್ತಿದ್ರು. ಕೈಗೆ ಬಂದಿದ್ದು ಎರಡು ನೀರಿನ ಬಾಟಲಿ, ಒಂದು ಚಿಪ್ಸ್ ಪ್ಯಾಕೆಟ್.

‘ನೋಡವ್ವಾ, ನಿಮ್ಮ ಟೂರಿಸ್ಟ್‌ನೋರು ಕಳಿಸಿದ ಪಾರ್ಸಲ್ಲು’ ಅಂದ್ರು.

ನಗು ಬಂತು. ಆಮೇಲೆ ಅವರು ಹೇಳಿದ್ದು ಕೇಳಿ ನಿಂತಿತು. ಅವರ ಪಾಳಿ ಬರೋದು ರಾತ್ರಿ. ನೀರಗಂಟಿ ನೀರು ತಿರುಗಿಸಿ ಹೋಗ್ತಾನೆ. ತೂಬಿನ ಬಾಯಿ ಒಂದು ಗೇಣು. ಅದಕ್ಕೆ ಪ್ಲಾಸ್ಟಿಕ್ ಅಡ್ಡ ಬಂದ್ರೆ ನೀರು ಮುಂದೆ ಹೋಗಿಬಿಡುತ್ತೆ. ಬೆಳಿಗ್ಗೆ ಎದ್ದು ನೋಡೋಷ್ಟರಲ್ಲಿ ಪಾಳಿ ಮುಗಿದಿರುತ್ತೆ. ಮುಂದಿನ ಪಾಳಿವರೆಗೆ ಕಾಯಬೇಕು. ತೆನೆ ಕಟ್ಟೋ ಹೊತ್ತಲ್ಲಿ ಹಾಗಾದ್ರೆ ಭತ್ತ ಜೊಳ್ಳು.

ನಾವು ಕಾಲುವೆ ದಂಡೆ ಮೇಲೆ ಕೂತು ತಿಂದು ಬಿಸಾಡೋ ಪ್ಯಾಕೆಟ್‌ಗೆ ಹೀಗೊಂದು ವಿಳಾಸ ಇರುತ್ತೆ ಅಂತ ನಾನಂತೂ ಯೋಚಿಸಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಡ್ಯಾಮಿನ 33 ಗೇಟ್‌ಗಳಲ್ಲಿ 19ನೇದರ ಚೈನ್ ಕಡಿದು ಗೇಟೇ ಕೊಚ್ಚಿಹೋಯ್ತು. ನಮ್ಮ ಮನೆ ವಾಟ್ಸ್‌ಆ್ಯಪ್ ಗ್ರೂಪ್ ರಾತ್ರಿಯೆಲ್ಲ ಮಲಗಲಿಲ್ಲ. ನದಿ ಪಾತ್ರದವರಿಗೆ ಪ್ರವಾಹದ ಭಯ. ಮಾವನದ್ದು ಒಂದೇ ಪ್ರಶ್ನೆ: ‘ನೀರೆಲ್ಲ ಹೋದ್ರೆ ಬೆಳೆಗೆ ಏನಿರ್ತೈತೆ?’ ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ರು. ಅವತ್ತು ನಮ್ಮ ಊರಲ್ಲಿ ಪಟಾಕಿ ಹೊಡೆದ್ರು. ಆರುನೂರು ವರ್ಷದ ಕಾಲುವೆ ಈಗ ಎಪ್ಪತ್ತು ವರ್ಷದ ಒಂದು ಚೈನಿನ ಮೇಲೆ ನಿಂತಿದೆ ಅನ್ನೋದು ಆ ವಾರ ನಮಗೆಲ್ಲ ಗೊತ್ತಾಯ್ತು.

17:50 | ಕಾಂಕ್ರೀಟ್ ಬೇಕಾ, ಬೇಡವಾ?

ಈಗ ಸ್ವಲ್ಪ ಕಷ್ಟದ ವಿಷಯ.

ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲದ ನೆರವಿನಲ್ಲಿ ವಿಜಯನಗರ ಕಾಲುವೆಗಳ ಆಧುನೀಕರಣ ನಡೆದಿದೆ. ನೀವು ನಡೆಯುವಾಗ ಕೆಲವು ಕಡೆ ಹಳೇ ಕಲ್ಲು, ಮಣ್ಣಿನ ದಂಡೆ ಸಿಗುತ್ತೆ. ಕೆಲವು ಕಡೆ ನುಣ್ಣನೆ ಕಾಂಕ್ರೀಟ್.

ನನಗೆ ಮೊದಲು ನೋಡಿದಾಗ ಸಿಟ್ಟು ಬಂತು. ಐತಿಹಾಸಿಕ ಕಾಲುವೆಗೆ ಸಿಮೆಂಟ್ ಮೆತ್ತಿದ್ದಾರಲ್ಲ ಅಂತ. ಮಾವನ ಮುಂದೆ ಹೇಳಿದೆ. ಅವರು ಬೀಡಿ ಆರಿಸಿ ಹೇಳಿದ್ರು: ‘ನಿನಗೆ ಚೆಂದ ಬೇಕವ್ವಾ. ನನಗೆ ನೀರು ಬೇಕು. ಮೊದಲು ಮೂರು ಪಾಳಿಗೆ ಒಂದು ಸಲ ಬರ್ತಿತ್ತು. ಈಗ ಪ್ರತಿ ಪಾಳಿಗೂ ಬರ್ತೈತೆ.’

ಇದಕ್ಕೆ ನಾನೇನು ಹೇಳಲಿ? ಮಣ್ಣಿನ ಕಾಲುವೆಯಲ್ಲಿ ಬಸಿಯೋ ನೀರು ಜಾಸ್ತಿ. ಮೇಲ್ಭಾಗದಲ್ಲೇ ಬಸಿದುಹೋದ್ರೆ ಕೊನೆ ಭಾಗಕ್ಕೆ ಏನೂ ಉಳಿಯಲ್ಲ. ಕಾಂಕ್ರೀಟ್ ಹಾಕಿದ್ರೆ ಅದು ಮುಟ್ಟುತ್ತೆ. ಇದು ಒಂದು ಪಕ್ಕ.

ಇನ್ನೊಂದು ಪಕ್ಕವನ್ನೂ ಮಾವನೇ ತೋರಿಸಿದ್ರು. ಬಸಿದ ನೀರು ಸುಮ್ಮನೆ ಹಾಳಾಗ್ತಿರಲಿಲ್ಲ. ಅದು ಪಕ್ಕದ ಬಾವಿಗೆ ಇಳೀತಿತ್ತು, ದಂಡೆ ಮೇಲಿನ ಮರಗಳ ಬೇರಿಗೆ ಹೋಗ್ತಿತ್ತು. ಅವರ ಪಕ್ಕದ ತೋಟದವರ ಬಾವಿ ಈಗ ಬೇಸಿಗೆಯಲ್ಲಿ ಬೇಗ ಇಳಿಯುತ್ತಂತೆ. ಎಮ್ಮೆಗಳು ಮೊದಲು ಎಲ್ಲಿ ಬೇಕಾದ್ರೂ ಇಳಿದು ಹತ್ತುತ್ತಿದ್ವು. ಈಗ ನುಣುಪು ಗೋಡೆ, ಕಾಲು ನಿಲ್ಲಲ್ಲ.

ಎಮ್ಮೆ ಮಾತ್ರ ಅಲ್ಲ. ನಾನು ಒಂಬತ್ತು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ ಇದೇ ಕಾಲುವೆಗೆ ಜಾರಿ ಬಿದ್ದಿದ್ದೆ. ಈಜು ಬರ್ತಿರಲಿಲ್ಲ. ಹತ್ತು ಮಾರು ಹೋಗಿರಬೇಕು, ಕೈಗೆ ಒಂದು ಬೇರು ಸಿಕ್ತು. ದಂಡೆಯಿಂದ ನೀರಿಗೆ ಇಳಿಬಿದ್ದಿದ್ದ ಮರದ ಬೇರು. ಅದನ್ನ ಹಿಡಿದು ನೇತಾಡ್ತಿದ್ದೆ. ಬಟ್ಟೆ ಒಗೀತಿದ್ದ ಒಬ್ಬರು ಅಕ್ಕ ಓಡಿ ಬಂದು ಜುಟ್ಟು ಹಿಡಿದು ಎಳೆದ್ರು. ಎಳೆದು ಎರಡು ಬಾರಿಸಿದ್ರು ಕೂಡ. ಈ ಸಲ ಹೋದಾಗ ಆ ಜಾಗ ಹುಡುಕಿದೆ. ಕಾಲುವೆ ಅಲ್ಲೇ ಇದೆ, ನೀರು ಮೊದಲಿಗಿಂತ ಚೆನ್ನಾಗಿ ಹರೀತಿದೆ. ಬೇರು ಇಲ್ಲ, ಮರವೂ ಇಲ್ಲ. ಇವತ್ತು ಅಲ್ಲೊಂದು ಮಗು ಬಿದ್ರೆ ಹಿಡಿಯೋಕೆ ಏನಿದೆ?

ಹಾಗಂತ ಕಾಂಕ್ರೀಟ್ ತೆಗೀರಿ ಅನ್ನೋ ಧೈರ್ಯ ನನಗಿಲ್ಲ. ಮಾವನ ಮುಖ ನೋಡಿ ಹಾಗೆ ಹೇಳೋಕೆ ಆಗಲ್ಲ. ಆದ್ರೆ ಇದು ‘ಬೇಕು’ ಅಥವಾ ‘ಬೇಡ’ ಅಂತ ಎರಡೇ ಉತ್ತರ ಇರೋ ಪ್ರಶ್ನೆ ಅಲ್ಲ ಅನಿಸುತ್ತೆ. ಅಲ್ಲಲ್ಲಿ ಇಳಿಯೋಕೆ ಮೆಟ್ಟಿಲು ಬಿಡಬಹುದು. ಊರ ಹತ್ತಿರ ಹಿಡಿಯೋಕೆ ಸರಪಳಿ ಹಾಕಬಹುದು. ದಂಡೆ ಮೇಲೆ ಮತ್ತೆ ಮರ ನೆಡಬಹುದು. ಹಂಪಿ 1986ರಿಂದ ಯುನೆಸ್ಕೊ ವಿಶ್ವ ಪರಂಪರೆ ತಾಣ. ಅಲ್ಲಿನ ಮುಖ್ಯ ಭಾಗದಲ್ಲಾದ್ರೂ ಹಳೇ ಕಲ್ಲಿನ ಕೆಲಸವನ್ನ ಹಾಗೇ ಉಳಿಸಿಕೊಂಡು ರಿಪೇರಿ ಮಾಡಬಹುದು. ಇದನ್ನೆಲ್ಲ ಕೇಳಬೇಕಾದವರು ಬರೀ ಎಂಜಿನಿಯರ್‌ಗಳು, ಇತಿಹಾಸಕಾರರು ಅಲ್ಲ. ಆ ಬಟ್ಟೆ ಒಗೆಯೋ ಅಕ್ಕನನ್ನೂ ಒಂದು ಮಾತು ಕೇಳಬೇಕು.

21:00 | ಹೋಗೋ ಮುಂಚೆ ಇಷ್ಟು ನೆನಪಿರಲಿ

ಒಂದು. ಕಾಲುವೆಗೆ ಇಳಿಯಬೇಡಿ. ನೀರು ಶಾಂತವಾಗಿ ಕಾಣುತ್ತೆ, ಆದ್ರೆ ಪಾಚಿ ಕಟ್ಟಿದ ಅಂಚು ಕ್ಷಣದಲ್ಲಿ ಜಾರಿಸುತ್ತೆ. ನಿಮಗೆ ಎಷ್ಟೇ ಚೆನ್ನಾಗಿ ಈಜು ಬಂದ್ರೂ ನುಣುಪು ಗೋಡೆ ಹತ್ತೋದು ಬೇರೆ ವಿಷಯ.

ಎರಡು. ನದಿಯೂ ಅಷ್ಟೇ. ಬಂಡೆಗಳ ಸಂದಿಯಲ್ಲಿ ಸುಳಿ ಇರುತ್ತೆ, ಮೊಸಳೆಯೂ ಇದೆ. ಮಳೆಗಾಲದಲ್ಲಿ ಡ್ಯಾಮಿಂದ ನೀರು ಬಿಡೋ ಸುದ್ದಿ ನೋಡಿಕೊಂಡೇ ಹೊರಡಿ. ಲೈಫ್ ಜಾಕೆಟ್ ಕೊಡದ ಹರಿಗೋಲು ಹತ್ತಬೇಡಿ.

ಮೂರು. ಕತ್ತಲಾದ ಮೇಲೆ ದಂಡೆ ಮೇಲೆ ಇರಬೇಡಿ. ಚಿರತೆ, ಕರಡಿ ಓಡಾಡೋ ಜಾಗ ಇದು. 2025ರ ಮಾರ್ಚ್‌ನಲ್ಲಿ ಸಣಾಪುರದ ಕಾಲುವೆ ಹತ್ತಿರ ರಾತ್ರಿ ಪ್ರವಾಸಿಗರ ಮೇಲೆ ನಡೆದ ಭೀಕರ ದಾಳಿ ನಿಮಗೆ ನೆನಪಿರುತ್ತೆ. ಅದಕ್ಕೆ ಹೊಣೆ ಅದನ್ನ ಮಾಡಿದವರೇ, ಅಲ್ಲಿಗೆ ಹೋದವರಲ್ಲ. ಆದ್ರೂ ಗುಂಪಲ್ಲಿ ಹೋಗಿ, ಹಗಲಲ್ಲೇ ವಾಪಸ್ ಬನ್ನಿ, ಮನೆಯವರಿಗೆ ಲೊಕೇಶನ್ ಕಳಿಸಿ.

ನಾಲ್ಕು. ಗದ್ದೆ ಬದು ಯಾರದ್ದೋ ಜಮೀನು. ಬದು ಕುಸಿದ್ರೆ ನೀರು ಪೋಲು. ರೀಲ್ಸ್ ಮಾಡೋ ಮುಂಚೆ ‘ಅಣ್ಣಾ, ಇಲ್ಲಿ ಹೋಗಬಹುದಾ’ ಅಂತ ಕೇಳಿ. ಹೆಚ್ಚಿನವರು ಹೂಂ ಅಂತಾರೆ, ಕೆಲವರು ಬಾಳೆಹಣ್ಣೂ ಕೊಡ್ತಾರೆ.

ಐದು. ಪ್ಯಾಕೆಟ್, ಬಾಟಲಿ ವಾಪಸ್ ಬ್ಯಾಗಿಗೆ. ವಿಳಾಸ ಯಾರದ್ದು ಅಂತ ಈಗ ಗೊತ್ತಲ್ಲ.

ಹಂಪಿಯೇ ಆಗಬೇಕು ಅಂತೇನಿಲ್ಲ. ಶ್ರೀರಂಗಪಟ್ಟಣದ ಕಡೆಯವರಾದ್ರೆ ಬಂಗಾರದೊಡ್ಡಿ ನಾಲೆ ಇದೆ, ಕಂಠೀರವ ನರಸರಾಜ ಒಡೆಯರ ಕಾಲದ್ದು, ಕಾವೇರಿಯ ಧಾರೆಯನ್ನೇ ದಾಟಿ ದ್ವೀಪಕ್ಕೆ ನೀರು ತಂದದ್ದು. ಮಂಡ್ಯದವರಿಗೆ ವಿಶ್ವೇಶ್ವರಯ್ಯ ನಾಲೆ ಮನೆ ಬಾಗಿಲಲ್ಲೇ ಇದೆ. ನಿಮ್ಮೂರ ನಾಲೆ, ಕಾಲುವೆ ಯಾವುದು? ಅದರ ನೀರು ಎಲ್ಲಿಂದ ಹೊರಟು ಯಾರ ಗದ್ದೆಗೆ ಮುಟ್ಟುತ್ತೆ? ಈ ಭಾನುವಾರ ಬೆಳಿಗ್ಗೆ ಒಂದು ಕಿಲೋಮೀಟರ್ ನಡೆದು ನೋಡಿ. ಕೊನೇ ತೂಬಿನ ಹತ್ತಿರ ಯಾರಾದ್ರೂ ನಿಂತಿದ್ರೆ ಮಾತಾಡಿಸಿ, ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.

ಅಂದ ಹಾಗೆ ಮಾವನಿಗೆ ಈ ಸಂಚಿಕೆಯ ಮೊದಲ ಐದು ನಿಮಿಷ ಫೋನಲ್ಲಿ ಕೇಳಿಸಿದೆ. ಎಲ್ಲ ಕೇಳಿ, ‘ನೀರಿನ ಸದ್ದು ಚಲೋ ಬಂದೈತೆ’ ಅಂದ್ರು. ಅವರ ಪಾಳಿ ಅವತ್ತು ರಾತ್ರಿ ಎರಡು ಗಂಟೆಗಿತ್ತು. ಮಲಗೋಕೆ ಹೋದ್ರು.

ಮುಂದಿನ ವಾರ ಸಿಗೋಣ. ನಮಸ್ಕಾರ.

(ನೀರು ಹರಿಯುವ ಸದ್ದು)